ಬಿರ್ಲಾದಲ್ಲಿ ನಮ್ಮ ಮಂದಿ

ಗೋವಾಕ್ಕೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಬೀಚು ಅಂತ. ನಾನು ಹೋಗಿದ್ದು ಜುವಾರಿನಗರಕ್ಕೆ. ವಾಸ್ಕೊ ಊರಿನ ಹೊರಗೆ, ದಾಬೋಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುವ ಗುಡ್ಡದ ಮೇಲಿನ ವಸತಿ ಅದು. ಬಸ್ಸಿನವರೂ ಅಲ್ಲಿಯ ಜನರೂ ಅದನ್ನು ಬಿರ್ಲಾ ಅಂತಲೇ ಕರೆಯುತ್ತಾರೆ. ಪಕ್ಕದಲ್ಲಿರುವ ಗೊಬ್ಬರದ ಕಾರ್ಖಾನೆಯನ್ನು 1973ರಲ್ಲಿ ಶುರು ಮಾಡಿದ್ದು ಬಿರ್ಲಾ ಮನೆತನ. ಈಗ ಕಾರ್ಖಾನೆ ಬೇರೆ ಕಂಪನಿಯ ಕೈಗೆ ಹೋಗಿದೆ, ಹೆಸರು ಮಾತ್ರ ಉಳಿದಿದೆ.

ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯಿಂದ ಕೂಲಿ ಅರಸಿ ಹೋದ ಬಹಳಷ್ಟು ಜನ ಅಲ್ಲಿದ್ದಾರೆ. ನನ್ನ ತವರೂರು ರೋಣದ ಹತ್ತಿರ. ಅಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮದುವೆಯಾಗಿ ನೇರ ಬಿರ್ಲಾಕ್ಕೇ ಹೋದವರು. ಊರಿಗೆ ಬಂದಾಗಲೆಲ್ಲ "ಒಮ್ಮಿ ಬಾರವಾ ನಮ್ಮನಿಗೆ" ಅಂತ ಕರೀತಾನೇ ಇದ್ದರು. 2025ರ ಸೆಪ್ಟೆಂಬರಿನಲ್ಲಿ, ಮಹಾನವಮಿಗೆ ಮುಂಚೆ, ಮಳೆ ಸ್ವಲ್ಪ ಕಡಿಮೆಯಾಗಿರುತ್ತೆ ಅಂದುಕೊಂಡು ಹೊರಟೆ.

ಮೊದಲ ದಿನ: ಘಟ್ಟ ಇಳಿದು ವಾಸ್ಕೊಗೆ

ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೀಟಿನ ಕೆಳಗೆಲ್ಲ ಜೋಳದ ಚೀಲ, ಒಣ ಮೆಣಸಿನಕಾಯಿ ಗಂಟು, ಶೇಂಗಾ. ನನ್ನೆದುರು ಕೂತಿದ್ದ ಇಬ್ಬರು ಹೆಂಗಸರು ನವಲಗುಂದದವರು. ಅಣ್ಣನ ಮಗಳ ಸೀಮಂತ ಮುಗಿಸಿ ವಾಪಸ್ ಹೊರಟಿದ್ದರು. ಅಳ್ನಾವರ ದಾಟುವಷ್ಟರಲ್ಲಿ ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಗಟ್ಟಿ ಮೊಸರು. ನನಗೂ ಕೊಟ್ಟರು. "ಸಮುದ್ರ ನೋಡಾಕ ಹೊಂಟೀರೇನ್ರಿ?" ಅಂತ ಕೇಳಿದರು. ಬಿರ್ಲಾಕ್ಕೆ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಲ್ಲೇನ್ ನೋಡ್ತೀರಿ, ನಾವ ಇರೂದು ಅಲ್ಲಿ" ಅಂದರು ಒಬ್ಬರು. ಆಮೇಲೆ ಮಾತು ನಿಲ್ಲಲೇ ಇಲ್ಲ.

ಕ್ಯಾಸಲ್‌ರಾಕ್‌ನಲ್ಲಿ ರೈಲು ತುಂಬಾ ಹೊತ್ತು ನಿಂತಿತು. ಅಲ್ಲಿಂದ ಕುಳೆಗೆ ಇಳಿಯುವ 26 ಕಿಲೋಮೀಟರ್ ದಾರಿ ಬಹಳ ಕಡಿದು. 37 ಅಡಿ ಹೋದರೆ ಒಂದು ಅಡಿ ಇಳಿಜಾರು. ಅದಕ್ಕಾಗಿ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ. ದೂಧ್‌ಸಾಗರ್ ಬಂದಾಗ ಇಡೀ ಡಬ್ಬಿ ಒಂದೇ ಕಡೆಗೆ ವಾಲಿತು. 310 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರು ಕಿಟಕಿಯೊಳಗೆ ಬಂದು ಮುಖಕ್ಕೆ ಬಡಿಯಿತು. ಈ ದಾರಿಯಲ್ಲಿ ಬರುವವರು ಹಗಲಿನ ರೈಲನ್ನೇ ಹಿಡಿಯಿರಿ, ರಾತ್ರಿ ಏನೂ ಕಾಣಿಸುವುದಿಲ್ಲ. ನವಲಗುಂದದ ಹೆಂಗಸರು ಮಾತ್ರ ಕಣ್ಣು ಮುಚ್ಚಿ ಮಲಗಿದ್ದರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ.

ಎದುರಿನಿಂದ ಕಲ್ಲಿದ್ದಲು ತುಂಬಿದ ಗೂಡ್ಸ್ ಬಂತು. ಮುರ್ಮುಗೋವಾ ಬಂದರಿನಲ್ಲಿ ಇಳಿಸಿದ ಕಲ್ಲಿದ್ದಲು ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಈ ಘಟ್ಟ ಹತ್ತಿಯೇ ಹೋಗುತ್ತದೆ. ಅದೇ ಹಳಿಯ ಮೇಲೆ ನಮ್ಮ ಜನ ಕೆಳಗೆ ಇಳಿಯುತ್ತಾರೆ.

ವಾಸ್ಕೊದಲ್ಲಿ ಸ್ಟೇಷನ್ ಪಕ್ಕದ ಲಾಡ್ಜಿನಲ್ಲಿ ರೂಮ್ ಮಾಡಿದೆ. ಬೀಚ್ ಕಡೆಯ ದರದ ಅರ್ಧಕ್ಕೂ ಕಡಿಮೆ. ಸಂಜೆ ಬೈನಾ ಕಡೆ ನಡೆದೆ. ದಾರಿಬದಿಯ ಎಲೆಗಳ ಮೇಲೆ ಕಪ್ಪು ಪುಡಿ ಕೂತಿತ್ತು. ಬೈನಾದಲ್ಲಿ ಈಗ ದೊಡ್ಡ ರವೀಂದ್ರ ಭವನವಿದೆ, ಅಡ್ಡಾಡುವ ಜನರಿದ್ದಾರೆ. ದೂರಕ್ಕೆ ಬಂದರಿನ ಕ್ರೇನ್‌ಗಳು ಕಾಣುತ್ತವೆ. 2004ರ ಜೂನ್ ತನಕ ಈ ದಂಡೆಯ ತುಂಬಾ ಗುಡಿಸಲು, ಖೋಲಿಗಳಿದ್ದವು. ಬೈನಾ ಅಂದರೆ ಕೆಂಪುದೀಪದ ಜಾಗ ಅಂತಲೇ ಹೊರಗಿನವರಿಗೆ ಗೊತ್ತು. ಆದರೆ ಅಲ್ಲಿ ಗೌಂಡಿಗಳಿದ್ದರು, ಹಮಾಲರಿದ್ದರು, ಶಾಲೆಗೆ ಹೋಗುವ ಮಕ್ಕಳಿದ್ದರು. ಹೈಕೋರ್ಟ್ ಆದೇಶದ ನಂತರ ಆ ಜೂನ್ 14ರಂದು ಕೆಡವಲು ಶುರು ಮಾಡಿದರು. ಮುಂಗಾರು ಶುರುವಾದ ತಿಂಗಳು ಅದು.

ಚಹಾ ಗಾಡಿಯ ಕಾಕಾ ಬದಾಮಿ ಕಡೆಯವರು. ಕೇಳಿದ್ದಕ್ಕೆ ಗ್ಲಾಸು ತೊಳೆಯುತ್ತಲೇ ಹೇಳಿದರು: "ಮಳ್ಯಾಗ ಹಾಸಿಗಿ, ಪುಸ್ತಕ, ಹಿಟ್ಟಿನ ಡಬ್ಬಿ ಎಲ್ಲಾ ಹೊರಗ ತೊಯ್ಕೋತ ಬಿದ್ದಿತ್ತ ತಂಗಿ. ಒಂದಿಷ್ಟ ಮಂದಿ ಊರಿಗೆ ಹೋದ್ರು. ಒಂದಿಷ್ಟ ಮಂದಿ ಮಾಂಗೋರ್ ಹಿಲ್ಲಿಗೆ, ಬಿರ್ಲಾಕ್ಕ ಹೋದ್ರು. ಎಲ್ಲಿ ಹೋದ್ರೂ ಮತ್ತ ಇಂಥದ್ದ ಜಾಗಾನ." ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಎರಡನೇ ದಿನ: ನಾಕಾ, ನೀರು, ಮಳೆ

ಬೆಳಿಗ್ಗೆ ಆರೂವರೆಗೇ ಮಿನಿಬಸ್ ಹಿಡಿದೆ. ಕಂಡಕ್ಟರ್ "ಬಿರ್ಲಾ ಬಿರ್ಲಾ" ಅಂತ ಕೂಗುತ್ತಿದ್ದ. ಚಿಕಾಲಿಂ, ವಿಮಾನ ನಿಲ್ದಾಣ ದಾಟಿ ಇಳಿದಾಗ ರಸ್ತೆ ಬದಿ ನೂರಾರು ಜನ ನಿಂತಿದ್ದರು. ಇದೇ ನಾಕಾ, ಕೂಲಿಯವರು ಕೆಲಸಕ್ಕಾಗಿ ಕಾಯುವ ಜಾಗ. ಗೌಂಡಿಗಳ ಕೈಚೀಲದಲ್ಲಿ ಥಾಪಿ, ಸೂತ್ರ. ಹೆಂಗಸರ ಕೈಯಲ್ಲಿ ಬುಟ್ಟಿ, ಊಟದ ಡಬ್ಬಿ. ಒಂದು ಪಿಕಪ್ ನಿಂತರೆ ಸಾಕು, ಎಲ್ಲರೂ ಮುತ್ತುತ್ತಿದ್ದರು. ಒಬ್ಬ ನಾಲ್ಕು ಬೆರಳು ತೋರಿಸಿದರೆ ನಾಲ್ಕು ಜನ ಹತ್ತಬೇಕು. ಒಂಬತ್ತು ಗಂಟೆಯಾದರೂ ಯಾರೂ ಕರೆಯದಿದ್ದರೆ ಆ ದಿನದ ಕೂಲಿ ಹೋದಂತೆಯೇ. ಮಳೆಗಾಲದಲ್ಲಿ ಕಟ್ಟಡದ ಕೆಲಸ ಕಡಿಮೆ. ಹಾಗಾಗಿ ಹೊತ್ತೇರಿದರೂ ನಿಂತವರ ಸಂಖ್ಯೆ ಕಡಿಮೆಯಾಗಲಿಲ್ಲ.

ಅಕ್ಕ ಕರೆಯಲು ಬಂದರು. ಮುಖ್ಯ ರಸ್ತೆಯಿಂದ ಒಳಗೆ ಹೋದ ಕೂಡಲೇ ಓಣಿ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಇಬ್ಬರು ಎದುರಾದರೆ ಒಬ್ಬರು ಪಕ್ಕದ ಮನೆಯ ಮೆಟ್ಟಿಲು ಹತ್ತಿ ನಿಲ್ಲಬೇಕು. ಮಧ್ಯದಲ್ಲೇ ಗಟಾರು. ಮೇಲೆ ಅಲ್ಲಲ್ಲಿ ಹಾಸುಗಲ್ಲು. ಮನೆಗಳು ಕೆಂಪು ಜಂಬಿಟ್ಟಿಗೆ ಕಲ್ಲಿನವು. ಮೇಲೆ ಸಿಮೆಂಟ್ ಶೀಟು, ಶೀಟಿನ ಮೇಲೆ ನೀಲಿ ತಾಡಪತ್ರಿ, ಅದು ಗಾಳಿಗೆ ಹಾರದಂತೆ ಹಳೆಯ ಟೈರು. ಪ್ರತಿ ಬಾಗಿಲ ಮುಂದೆಯೂ ನೀಲಿ ಡ್ರಮ್ಮು. ಒಂದು ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಪುಂಡಿಪಲ್ಲೆ ಸೋಸುತ್ತಿದ್ದರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಪೊದೇರ್ ಹಾರ್ನ್ ಒತ್ತುತ್ತಾ ಪಾವ್ ಮಾರಲು ಬಂದ. ಇಲ್ಲಿಯ ಮಕ್ಕಳಿಗೆ ಎರಡೂ ಬೇಕು. ಬೆಳಿಗ್ಗೆ ಪಾತಳ ಭಾಜಿ ಪಾವ್, ಮಧ್ಯಾಹ್ನ ರೊಟ್ಟಿ.

ಅಕ್ಕನ ಮನೆ ಅಂದರೆ ಒಂದು ಖೋಲಿ, ಮೂಲೆಯಲ್ಲಿ ಬಚ್ಚಲು. ಐದು ಜನ. ಗೋಡೆಗೆ ಎಷ್ಟು ನುಣುಪಾದ ಗಿಲಾವು ಅಂದರೆ ಕೈ ಆಡಿಸಿ ನೋಡಿದೆ. ಮಾವ, ಅಂದರೆ ಅಕ್ಕನ ಗಂಡ, ಗೌಂಡಿ. ಇಪ್ಪತ್ತು ವರ್ಷದಿಂದ ವಾಸ್ಕೊ, ಮಡಗಾಂವ್, ಪಣಜಿಯಲ್ಲಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದಾರೆ. ಎಷ್ಟೋ ಮನೆಗಳಿಗೆ ಸ್ಲ್ಯಾಬ್ ಹಾಕಿದ್ದಾರೆ. ನಿಮ್ಮ ಮನೆಗೆ ಯಾಕೆ ಹಾಕಿಲ್ಲ ಅಂತ ಕೇಳಿದೆ. "ಸ್ಲ್ಯಾಬ್ ಹಾಕಿದ್ರ ಕಣ್ಣಿಗೆ ಬೀಳ್ತೈತಿ. ಯಾರರ ಅರ್ಜಿ ಕೊಡ್ತಾರ. ನಾಳೆ ಕೆಡವಿದ್ರ ಅಷ್ಟೂ ರೊಕ್ಕ ಮಣ್ಣಾಗ. ಶೀಟ್ ಆದ್ರ ಬಿಚ್ಕೊಂಡ್ ಹೋಗಬಹುದು" ಅಂದರು. ಬಡತನಕ್ಕಿಂತ ಜಾಸ್ತಿ ಈ ಅಂಜಿಕೆಯೇ ಇಲ್ಲಿಯ ಮನೆಗಳನ್ನು ಹೀಗೆ ಇಟ್ಟಿದೆ ಅಂತ ನನಗೆ ಅನ್ನಿಸಿತು. ಆಮೇಲೆ ನೋಡಿದ ಮನೆಗಳಲ್ಲೂ ಇದೇ ಮಾತು. ಟೈಲ್ಸ್ ಹಾಕುವ ಕೆಲಸ ಮಾಡುವವರ ಮನೆಯ ನೆಲ ಸಾದಾ ಸಿಮೆಂಟು. ಪ್ಲಂಬರ್ ಮನೆಯಲ್ಲಿ ನಲ್ಲಿ ಇಲ್ಲ.

ಹತ್ತು ಗಂಟೆಗೆ ನೀರು ಬಂತು. ಮಾತು ಅರ್ಧಕ್ಕೇ ಬಿಟ್ಟು ಅಕ್ಕ ಎದ್ದು ಓಡಿದರು. ನಾನೂ ಕೊಡ ಹಿಡಿದೆ. ಸಾಲಾವಲಿ ಅಣೆಕಟ್ಟಿನಿಂದ ಬರುವ ನೀರು ಇದು. ದಕ್ಷಿಣ ಗೋವಾಕ್ಕೆಲ್ಲ ಅದೇ ಆಸರೆ. ಓಣಿಯ ನಲ್ಲಿಗೆ ಒಂದು ತಾಸು ಬರುತ್ತದೆ, ಕೆಲವೊಮ್ಮೆ ಅಷ್ಟೂ ಇಲ್ಲ. ಪಾಳಿ ತಪ್ಪಿದರೆ ಟ್ಯಾಂಕರ್ ನೀರು ಕೊಳ್ಳಬೇಕು. 2021ರಲ್ಲಿ ಗೋವಾ ಸರ್ಕಾರ ತಿಂಗಳಿಗೆ 16,000 ಲೀಟರ್ ತನಕ ನೀರು ಉಚಿತ ಅಂತ ಘೋಷಿಸಿತು. ಅದು ಮೀಟರ್ ಇದ್ದ ಮನೆಗೆ. ಮೀಟರ್ ಬೇಕಂದರೆ ಮನೆ ನಂಬರ್ ಕೇಳುತ್ತಾರೆ. ಮನೆ ನಂಬರಿಗೆ ಜಾಗದ ಕಾಗದ ಕೇಳುತ್ತಾರೆ. ದುಡ್ಡು ಕೊಟ್ಟು ನೀರು ಕೊಳ್ಳುವವರು ಯಾರು ಅಂತ ಯೋಚಿಸಿ. ಇದು ಸರಿಯಲ್ಲ. ಕುಡಿಯುವ ನೀರಿಗೂ ಜಾಗದ ಮಾಲೀಕತ್ವಕ್ಕೂ ಗಂಟು ಹಾಕಬಾರದು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಳೆ ಶುರುವಾಯಿತು. ಶೀಟಿನ ಮೇಲೆ ಗೋವಾದ ಮಳೆ ಬಿದ್ದರೆ ಮಾತು ಕೇಳಿಸುವುದೇ ಇಲ್ಲ. ಎಲ್ಲರೂ ಸುಮ್ಮನೆ ಉಂಡೆವು. ಬಿಸಿ ರೊಟ್ಟಿ, ಜುನಕ, ಜೊತೆಗೆ ಕೆಂಪಗೆ ಹುರಿದ ತಾರ್ಲೆ ಮೀನು. ಅಕ್ಕ ಸನ್ನೆ ಮಾಡಿಯೇ ಇನ್ನೊಂದು ರೊಟ್ಟಿ ಹಾಕಿದರು. ಅರ್ಧ ಗಂಟೆಯಲ್ಲಿ ಗಟಾರು ತುಂಬಿ ಹೊಸ್ತಿಲ ತನಕ ನೀರು ಬಂತು. ಮಾವ ಬಾಗಿಲಿಗೆ ಅಡ್ಡ ಒಂದು ಹಲಗೆ ಇಟ್ಟು ಚಿಂದಿ ತುರುಕಿದರು. ಕೈ ಪಳಗಿದ ಕೆಲಸ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಜಂಬಿಟ್ಟಿಗೆ ನೆಲವನ್ನು ಆಳಕ್ಕೆ ಅಗೆಯುವುದು ಕಷ್ಟ. ಹಾಗಾಗಿ ಸಂಡಾಸಿನ ಗುಂಡಿಗಳು ಆಳ ಇಲ್ಲ. ಜೋರು ಮಳೆ ಬಂದರೆ ಅವೂ ತುಂಬುತ್ತವೆ. ಅಕ್ಕನ ಓಣಿಯಲ್ಲಿ ನಾಲ್ಕೈದು ಮನೆಗಳಿಗೆ ಸೇರಿ ಒಂದು ಸಂಡಾಸು. "ರಾತ್ರಿ ಹೆಣ್ಮಕ್ಕಳು ನೀರ ಕುಡಿಯೂದ ಕಡಿಮಿ ಮಾಡ್ತೀವಿ" ಅಂದರು. ಇದನ್ನು ಹೇಳುವಾಗ ಮಗಳು ಪಕ್ಕದಲ್ಲೇ ಇದ್ದಳು. ಹತ್ತನೇ ತರಗತಿ. ತಲೆ ತಗ್ಗಿಸಿದಳು.

ಮಳೆ ನಿಂತ ಮೇಲೆ ಮೇಲಿನ ಓಣಿ ನೋಡಲು ಹೊರಟೆವು. ಕೆಂಪು ರಾಡಿಯಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತು ಹೋಯಿತು. ಒಂದು ಕಾಲಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಹೆಂಗಸು ತಮ್ಮ ರಬ್ಬರ್ ಚಪ್ಪಲಿಯನ್ನೇ ಬಿಚ್ಚಿ ಕೊಟ್ಟರು. ಯಾರು, ಎಲ್ಲಿಯವರು ಅಂತ ಕೇಳಲೂ ಇಲ್ಲ. ಮಳೆಗಾಲದಲ್ಲಿ ಈ ಕಡೆ ಬರುವವರು ರಬ್ಬರ್ ಚಪ್ಪಲಿ ಹಾಕಿಕೊಂಡೇ ಬನ್ನಿ, ಶೂ ಬೇಡ.

ಸಂಜೆ ಸ್ಟಾಪಿನ ಹತ್ತಿರ ಗಿರ್ಮಿಟ್, ಮಿರ್ಚಿ ಭಜಿ ಗಾಡಿಗಳು ಬಂದವು. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ತಿಂದ ಅದೇ ರುಚಿ. ಮಾತಿನಲ್ಲಿ ಹೊತ್ತು ಹೋಗಿ ಬಸ್ ತಪ್ಪಿತು. ಎಂಟೂವರೆಯ ನಂತರ ಬಸ್ ನಂಬಬೇಡಿ. ಹಳದಿ-ಕಪ್ಪು ಬೈಕಿನ ಪೈಲಟ್, ಅಂದರೆ ಬೈಕ್ ಟ್ಯಾಕ್ಸಿಯವರು, ಒಬ್ಬರು ವಾಸ್ಕೊ ತನಕ ಬಿಟ್ಟರು. ಅವರು ಕೊಂಕಣಿಯವರು. ದಾರಿಯುದ್ದಕ್ಕೂ ಈ ಜನ ಇಲ್ಲದಿದ್ದರೆ ವಾಸ್ಕೊದಲ್ಲಿ ಒಂದು ಗೋಡೆಯೂ ಏಳುವುದಿಲ್ಲ ಅಂತ ಹಿಂದಿಯಲ್ಲಿ ಹೇಳುತ್ತಾ ಬಂದರು. ಕೊನೆಗೆ, ಆದರೆ ಜಾಗ ನಮ್ಮದಲ್ವಾ ಅಂತಲೂ ಸೇರಿಸಿದರು.

ಮೂರನೇ ದಿನ: ಜಾಗ ಯಾರದು

ಆ ಮಾತು ತಲೆಯಲ್ಲಿ ಉಳಿದಿತ್ತು. ಬೆಳಿಗ್ಗೆ ಸಾಂಕ್ವಾಳಕ್ಕೆ ಹೋದೆ. ಗುಡ್ಡ ಇಳಿದರೆ ಜುವಾರಿ ನದಿಯ ಕಡೆ ಹಳೆಯ ಇಗರ್ಜಿಯ (ಚರ್ಚಿನ) ಮುಂಗೋಡೆ ಒಂದೇ ನಿಂತಿದೆ. 1834ರಲ್ಲಿ ಬೆಂಕಿ ಬಿದ್ದು ಉಳಿದದ್ದೆಲ್ಲ ಹೋಯಿತು. ತೋಯ್ದ ಗೋಡೆಯ ಕೆತ್ತನೆಯಲ್ಲಿ ಹುಲ್ಲು ಬೆಳೆದಿತ್ತು. ತುಂಬಾ ಚಂದದ, ಜನ ಕಡಿಮೆ ಬರುವ ಜಾಗ. ಅಲ್ಲಿ ಒಬ್ಬ ಹಿರಿಯರು ಸಿಕ್ಕರು, ಊರಿನ ಗಾಂವ್ಕಾರ್ ಮನೆತನದವರು. ಗೋವಾದಲ್ಲಿ ಕೊಮುನಿದಾದ್ ಅಂತ ಒಂದು ವ್ಯವಸ್ಥೆ ಇದೆ. ಊರಿನ ಮೂಲ ಮನೆತನಗಳು ಸೇರಿ ಜಮೀನನ್ನು ಒಟ್ಟಾಗಿ ಇಟ್ಟುಕೊಳ್ಳುವುದು. ಪೋರ್ಚುಗೀಸರು ಬರುವ ಮೊದಲೇ ಇತ್ತು, ಅವರು ಅದನ್ನು ಬರಹಕ್ಕೆ ಇಳಿಸಿದರು. ಬಿರ್ಲಾದ ಎಷ್ಟೋ ಮನೆಗಳು ಸಾಂಕ್ವಾಳ ಕೊಮುನಿದಾದ್ ಜಾಗದಲ್ಲಿವೆ. ಹಿರಿಯರು ಸಿಟ್ಟಿನಿಂದ ಮಾತಾಡಲಿಲ್ಲ. ಬಡವರು ಸುಮ್ಮನೆ ಬಂದು ಕೂರಲಿಲ್ಲ, ಯಾರೋ ದುಡ್ಡು ತಗೊಂಡು ಪ್ಲಾಟು ಹಾಕಿ ಮಾರಿದರು, ನಮ್ಮನ್ನು ಯಾರೂ ಕೇಳಲಿಲ್ಲ ಅಂದರು. ಅವರ ನೋವೂ ನಿಜ. ಊರಿನ ಜಾಗ ಕೈ ತಪ್ಪಿದರೆ ನಮಗೂ ಸಂಕಟ ಆಗುತ್ತೆ. ದುಡ್ಡು ತಗೊಂಡು ಮಾರಿದವರು ಎಲ್ಲಿದ್ದಾರೋ. ಕೊಂಡ ಕೂಲಿಯವನೂ ಕಳೆದುಕೊಂಡ ಊರವರೂ ಎದುರಾಬದುರಾಗಿ ನಿಂತಿದ್ದಾರೆ.

ವಾಪಸ್ ಬಿರ್ಲಾಕ್ಕೆ ಬಂದಾಗ ಎಲ್ಲ ಕಡೆ ಒಂದೇ ಮಾತು, ಹೊಸ ಕಾಯ್ದೆ. ಆಗಸ್ಟಿನಲ್ಲಿ ಗೋವಾ ವಿಧಾನಸಭೆ ತಿದ್ದುಪಡಿ ತಂದಿತ್ತು. 2014ರ ಫೆಬ್ರುವರಿ 28ಕ್ಕಿಂತ ಮೊದಲು ಕೊಮುನಿದಾದ್ ಜಾಗದಲ್ಲಿ ಕಟ್ಟಿದ ಮನೆಗಳನ್ನು, ಕೊಮುನಿದಾದ್ ಒಪ್ಪಿದರೆ, ಸಕ್ರಮ ಮಾಡಬಹುದು ಅಂತ. ಅಕ್ಕನ ಮನೆಯ ಹಿಂದಿನ ಓಣಿಯ ಕಾಕಾ ಒಬ್ಬರು ನನ್ನನ್ನು ಕೂರಿಸಿಕೊಂಡು ಪ್ಲಾಸ್ಟಿಕ್ ಚೀಲ ಬಿಚ್ಚಿದರು. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಪಂಚಾಯ್ತಿಯ ಮನೆಪಟ್ಟಿ ರಸೀದಿ, ಮಕ್ಕಳ ಶಾಲೆಯ ದಾಖಲೆ. ಇಲಿ ಕಡಿದ ತುದಿಗೆ ಟೇಪು ಹಚ್ಚಿದ್ದರು. "ಕಾಗದ ಎಲ್ಲಾ ಅದಾವ ತಂಗಿ. ಒಂದರಾಗ ಅಪ್ಪನ ಹೆಸರ ಮುಂದ ಐತಿ, ಇನ್ನೊಂದರಾಗ ಹಿಂದ ಐತಿ. ಒಂದರಾಗ ಊರಿನ ಹೆಸರ ಅಡ್ಡಹೆಸರ ಮಾಡ್ಯಾರ. ಇವೆಲ್ಲಾ ಒಬ್ಬನ ಅಂತ ಹೆಂಗ ತೋರಿಸ್ಲಿ?" ಕನ್ನಡದ ಹೆಸರನ್ನು ಮರಾಠಿ, ಇಂಗ್ಲಿಷ್ ಬಲ್ಲ ಗುಮಾಸ್ತರು ತಮಗೆ ಕೇಳಿಸಿದ ಹಾಗೆ ಬರೆದಿದ್ದರು. ಅರ್ಜಿ ಹಾಕಬೇಕೋ ಬೇಡವೋ ಅನ್ನುವುದೇ ಕಾಕಾಗೆ ಚಿಂತೆ. ಹಾಕಿದರೆ ತನ್ನ ಮನೆ ಅನಧಿಕೃತ ಅಂತ ತಾನೇ ಬರೆದುಕೊಟ್ಟ ಹಾಗೆ. ಹಾಕದಿದ್ದರೆ ಬಂದ ಅವಕಾಶ ಹೋಗುತ್ತದೆ.

ಅಕ್ಕನ ಲೆಕ್ಕ ಬೇರೆ. ಅವರ ರೇಷನ್ ಕಾರ್ಡು ಇನ್ನೂ ಊರಲ್ಲೇ ಇದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅದರ ಮೇಲೆ ಬರುತ್ತದೆ, ಅದು ಅತ್ತೆಯ ಔಷಧಕ್ಕೆ. ಗೃಹಿಣಿಯರಿಗೆ ಗೋವಾ ಸರ್ಕಾರ ತಿಂಗಳಿಗೆ ದುಡ್ಡು ಕೊಡುವ ಗೃಹ ಆಧಾರ್ ಬೇಕಂದರೆ ಹದಿನೈದು ವರ್ಷ ಇಲ್ಲಿಯೇ ಇದ್ದದ್ದಕ್ಕೆ ಪುರಾವೆ ಬೇಕು. ಊರಿನ ಕಾರ್ಡು ಬಿಟ್ಟರೆ ಅಲ್ಲಿಯದು ಹೋಗುತ್ತದೆ, ಇಟ್ಟುಕೊಂಡರೆ ಇಲ್ಲಿಯವರಾಗುವುದಿಲ್ಲ. ಮಹದಾಯಿ ಜಗಳ ಬಿಸಿಯಾದಾಗಲಂತೂ ಇನ್ನೂ ಕಷ್ಟ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಆದರೂ ತಕರಾರು ಮುಗಿದಿಲ್ಲ. ಮಲಪ್ರಭಾ ದಂಡೆಯ ರೋಣ, ನರಗುಂದ, ನವಲಗುಂದದಲ್ಲಿ ಆ ನೀರಿಗಾಗಿ ಹೋರಾಟ ಮಾಡುವವರ ಅಕ್ಕ-ತಂಗಿಯರೇ ಇಲ್ಲಿ ದುಡಿಯುತ್ತಿದ್ದಾರೆ. ಬಂದ್ ಆದರೆ ಬಸ್ಸು ನಿಲ್ಲುತ್ತವೆ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಹೋಗಲು ಆಗುವುದಿಲ್ಲ. ಅವತ್ತು ಅಂಗಡಿಯಲ್ಲಿ ಕನ್ನಡ ಮಾತಾಡಲೂ ಹಿಂದೆಮುಂದೆ ನೋಡುತ್ತೇವೆ ಅಂದರು ಅಕ್ಕ.

ಸಂಜೆ ಮಗಳು ನನ್ನನ್ನು ರಸ್ತೆಯ ತನಕ ಕರೆದುಕೊಂಡು ಬಂದಳು. ಆ ಕಡೆ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ಸಿನ ಉದ್ದನೆಯ ಗೋಡೆ. ಅದು ಶುರುವಾದದ್ದು 2004ರಲ್ಲಿ, ಬೈನಾ ಕೆಡವಿದ ವರ್ಷವೇ. ದೇಶದ ಮೂಲೆ ಮೂಲೆಯಿಂದ ಮಕ್ಕಳು ಅಲ್ಲಿ ಎಂಜಿನಿಯರಿಂಗ್ ಓದಲು ಬರುತ್ತಾರೆ. ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿ ಈಗ ಇಂಗ್ಲಿಷ್ ಮಾಧ್ಯಮದಲ್ಲಿರುವ ಈ ಹುಡುಗಿಗೆ ಗಣಿತ ಇಷ್ಟ. ಮನೆಯಲ್ಲಿ ಕನ್ನಡ, ಗೆಳತಿಯರ ಜೊತೆ ಕೊಂಕಣಿ, ಟಿವಿ ನೋಡಿ ಹಿಂದಿ. ಅಲ್ಲಿ ಸೇರಬೇಕಂದರೆ ಯಾವ ಪರೀಕ್ಷೆ, ಎಷ್ಟು ಫೀಸು ಅಂತ ಒಂದೊಂದಾಗಿ ಕೇಳಿದಳು. ನನಗೆ ಗೊತ್ತಿದ್ದದ್ದನ್ನೆಲ್ಲ ಅವಳ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ, ಸ್ಕಾಲರ್‌ಶಿಪ್ ಬಗ್ಗೆಯೂ. "ಮಳೆಗಾಲದಾಗ ಓದಾಕ ಆಗೂದಿಲ್ಲ ಚಿಗವ್ವಾ, ಸಪ್ಪಳ" ಅಂದಳು. ಶೀಟಿನ ಸಪ್ಪಳ.

ಕೊನೆಯ ದಿನ ಮತ್ತು ಆಮೇಲೆ

ಹೊರಡುವ ದಿನ ವಾಸ್ಕೊ ಮೀನು ಮಾರ್ಕೆಟ್ಟಿನಲ್ಲಿ ಒಣ ಸಿಗಡಿ ಕೊಂಡೆ. ಅಕ್ಕ ಸ್ಟೇಷನ್ನಿಗೆ ಬಂದು ಅತ್ತೆಗೆ ಅಂತ ಒಂದು ಚೀಲ ಕೊಟ್ಟರು. ಬಿಸ್ಕೀಟು, ಮುಲಾಮು, ಹೊಸ ಸೀರೆ. ರೈಲು ಒಂದೂವರೆ ತಾಸು ತಡ. ಹತ್ತಿದ್ದೇ ನಿದ್ದೆ ಬಂತು.

ಅಕ್ಟೋಬರ್ ಮೊದಲ ವಾರದಲ್ಲಿ ಗೋವಾ ಸರ್ಕಾರ ಇಂಥ ಮನೆಗಳನ್ನು ಸಕ್ರಮ ಮಾಡಲು 'ಮ್ಹಜೆಂ ಘರ್' (ನನ್ನ ಮನೆ) ಅಂತ ಯೋಜನೆ ಶುರು ಮಾಡಿತು. ಅರ್ಜಿ ಹಾಕುವುದು ಅಂತ ಕೊನೆಗೂ ಕಾಕಾ ಗಟ್ಟಿ ಮಾಡಿದರು. ಫೋನ್ ಮಾಡಿ ಒಂದು ಕೆಲಸ ಹೇಳಿದರು. ಊರಿನಲ್ಲಿ ಅಣ್ಣನ ಮನೆಯ ಟ್ರಂಕಿನಲ್ಲಿ ತಾವು ಹಿಂದೆ ಗೋವಾದಿಂದ ಕಳಿಸಿದ ಮನಿಯಾರ್ಡರ್ ಚೀಟಿ, ಕಾಗದ ಇರಬಹುದು, ನೋಡು ಅಂತ. ರೋಣಕ್ಕೆ ಹೋದಾಗ ಹುಡುಕಿದೆವು. ಬಿರ್ಲಾ ವಿಳಾಸ ಬರೆದ, ಅಂಚೆ ಮುದ್ರೆ ಬಿದ್ದ ಕೆಲವು ಕಾಗದ ಸಿಕ್ಕವು. 2014ಕ್ಕಿಂತ ಎಷ್ಟೋ ಹಳೆಯವು. ಅವನ್ನು ಅಧಿಕಾರಿಗಳು ಪುರಾವೆ ಅಂತ ಒಪ್ಪುತ್ತಾರೋ ಇಲ್ಲವೋ, ಇದ್ದದ್ದು ಕೈಯಲ್ಲಿರಲಿ ಅಂತ ಮೊದಲು ಫೋಟೊ ತೆಗೆದು ಕಳಿಸಿದೆ, ಆಮೇಲೆ ಸ್ಪೀಡ್ ಪೋಸ್ಟ್ ಮಾಡಿದೆ. ನಿಮ್ಮ ಕಡೆಯ ಜನರೂ ಅಲ್ಲಿದ್ದರೆ ಮನೆಯ ಹಳೆಯ ಟ್ರಂಕು, ಮಾಡು, ದೇವರ ಗೂಡು ಒಮ್ಮೆ ನೋಡಿ. ಸಿಕ್ಕಿದ್ದನ್ನು ತಡಮಾಡದೆ ಕಳಿಸಿಕೊಡಿ.